ಸರ್ವಿಸ್‌ಗೆ ಕಾರು ಬಿಡುವಾಗ ಬಾಯಿ ಬಿಟ್ಟು ಕೇಳಿ

ಕಾರಿನ ಖರ್ಚು ಅಂದ ಕೂಡಲೇ ಎಲ್ಲರೂ ಪೆಟ್ರೋಲ್ ರೇಟಿನ ಮಾತು ತೆಗೆಯುತ್ತಾರೆ. ತಪ್ಪಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟಿಗೆ ಏರಿಸಿದಾಗ ಲೀಟರಿಗೆ ಒಂದೇ ಸಲ 3 ರೂಪಾಯಿ ಜಾಸ್ತಿ ಆಯ್ತು. ಆದರೆ ಆ ರೇಟು ನಮ್ಮ ಕೈಯಲ್ಲಿಲ್ಲ ಅಲ್ವಾ? ಸರ್ವಿಸ್ ಬಿಲ್ಲು ಮತ್ತು ಇನ್ಶೂರೆನ್ಸ್ ನಮ್ಮ ಕೈಯಲ್ಲಿವೆ. ಅಲ್ಲಿ ಮಾತ್ರ ಯಾರೂ ಮಾತಾಡುವುದಿಲ್ಲ, ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ.

ಸರ್ವಿಸ್ ಸೆಂಟರಿನವರು ಜಾಬ್ ಕಾರ್ಡ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ, ಬರೆಯುವಾಗ ಗಮನಿಸಿ. ಆಯಿಲ್, ಫಿಲ್ಟರ್ ಆದ ಮೇಲೆ ಶುರುವಾಗುತ್ತದೆ: ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಟೆಂಟ್, ಅಂಡರ್‌ಬಾಡಿ ಕೋಟಿಂಗ್. "ಮಾಡಿಸ್ಬಿಡಿ ಸರ್, ಪಿಕಪ್ ಚೆನ್ನಾಗಿ ಬರುತ್ತೆ" ಅನ್ನುತ್ತಾರೆ. ಅವರಿಗೂ ಟಾರ್ಗೆಟ್ ಇರುತ್ತದೆ, ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗ್ಲೋವ್ ಬಾಕ್ಸಿನಲ್ಲಿ ಕವರ್ ಕೂಡ ತೆಗೆಯದೆ ಬಿದ್ದಿರುವ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕು ಅಂತ ಒಂದು ಚಾರ್ಟ್ ಇರುತ್ತದೆ. ಅದರಲ್ಲಿ ಇರುವುದನ್ನು ಒಂದೂ ಬಿಡಬೇಡಿ. ಬ್ರೇಕ್ ಆಯಿಲ್, ಕೂಲೆಂಟ್ ವಿಷಯದಲ್ಲಿ ಜಿಪುಣತನ ಮಾಡಿದರೆ ಮುಂದೆ ದೊಡ್ಡ ಖರ್ಚೇ ಬರುತ್ತದೆ. ಅದರಲ್ಲಿ ಇಲ್ಲದ್ದನ್ನು "ಯಾಕೆ ಬೇಕು, ಈಗ ಏನು ತೊಂದರೆ ಕಾಣಿಸ್ತಿದೆ?" ಅಂತ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಬೇಡ ಅನ್ನಿ. ಬದಲಿಸಿದ ಹಳೇ ಪಾರ್ಟುಗಳನ್ನು ತೋರಿಸಿ ಅಂತ ಮೊದಲೇ ಹೇಳಿಬಿಡಿ.

ಎಸಿ ಫಿಲ್ಟರ್‌ನಂತೂ ಎಷ್ಟೋ ಚಿಕ್ಕ ಕಾರುಗಳಲ್ಲಿ ಮನೆಯಲ್ಲೇ ಬದಲಿಸಬಹುದು. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಗೆ ಬಾಗುತ್ತದೆ. ಹಿಂದೆ ಒಂದು ಉದ್ದನೆ ಪ್ಲಾಸ್ಟಿಕ್ ಮುಚ್ಚಳ. ತೆಗೆದು ಎಳೆದರೆ ಫಿಲ್ಟರ್ ಕೈಗೆ ಬರುತ್ತದೆ, ಮಡಿಕೆಗಳ ಸಂದಿಯಲ್ಲಿ ಒಣಗಿದ ಎಲೆ, ಕಪ್ಪು ಧೂಳು. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣದ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ, ಅಷ್ಟೇ.

ಇನ್ನು ಇನ್ಶೂರೆನ್ಸ್. ಬಂಪರ್ ಸ್ವಲ್ಪ ಗೀರಿದರೂ "ಕ್ಲೇಮ್ ಹಾಕು" ಅನ್ನುವವರು ತುಂಬಾ ಜನ. ಒಂದು ಲೆಕ್ಕ ಹಾಕೋಣ. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಮ್ಮದೇ ಕಾರಿನ ಹಾನಿಗೆ ಅಂತ ಕಟ್ಟುವ ಭಾಗದಲ್ಲಿ, 20, 25, 35, 45, ಕೊನೆಗೆ 50 ಪರ್ಸೆಂಟ್ ರಿಯಾಯಿತಿ ಸಿಗುತ್ತದೆ, ಅದೇ ನೋ ಕ್ಲೇಮ್ ಬೋನಸ್. ನಿಮ್ಮದು 50ಕ್ಕೆ ಮುಟ್ಟಿದೆ, ಬೋನಸ್ ಇಲ್ಲದಿದ್ದರೆ ಪ್ರೀಮಿಯಂ 10,000 ಅಂದುಕೊಳ್ಳಿ. ಈಗ ಕಟ್ಟುವುದು 5,000. ಒಂದು ಕ್ಲೇಮ್ ಹಾಕಿದರೆ ಬೋನಸ್ ಸೊನ್ನೆಗೆ ಬಂತು. ಮತ್ತೆ 50ಕ್ಕೆ ಹತ್ತುವಷ್ಟರಲ್ಲಿ ವರ್ಷ ವರ್ಷಕ್ಕೆ 5,000, 3,000, 2,500, 1,500, 500 ಹೆಚ್ಚು ಕಟ್ಟಬೇಕು. ಒಟ್ಟು 12,500. ಕಾರಿಗೆ ವಯಸ್ಸಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿ ಆಗಬಹುದು, ಕ್ಲೇಮ್ ಹಾಕಿದರೂ ಬೋನಸ್ ಉಳಿಸುವ ಬೋನಸ್ ಪ್ರೊಟೆಕ್ಷನ್ ತೆಗೆದುಕೊಂಡಿದ್ದರೆ ಬೇರೆ ಮಾತು. ಆದರೂ 4,000 ರೂಪಾಯಿಯ ಪೇಂಟ್ ಕೆಲಸಕ್ಕೆ ಈ ಬೆಲೆ ಯಾಕೆ ಕೊಡಬೇಕು? ಇನ್ನೊಂದು ವಿಷಯ, ಈ ಬೋನಸ್ ಕಾರಿನದ್ದಲ್ಲ, ನಿಮ್ಮದು. ಹಳೇ ಕಾರು ಮಾರಿ ಹೊಸದು ತೆಗೆದುಕೊಳ್ಳುವಾಗ ಅದನ್ನು ಹೊಸ ಪಾಲಿಸಿಗೆ ಹಾಕಿಸಿಕೊಳ್ಳಿ. ಇರುವ ಕಾರಿನ ಪಾಲಿಸಿ ಮುಗಿದು, ರಿನ್ಯೂ ಮಾಡಿಸದೆ 90 ದಿನ ದಾಟಿದರೆ ಬೋನಸ್ ಹೋಯಿತು.

ಓಡಿಸುವುದರಲ್ಲಿ ಹೇಳಬೇಕಾದ್ದು ಕಮ್ಮಿ. ಗಾಳಿ ಸರಿಯಾಗಿರಲಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿದೆ. ಟೈರ್ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೋಡಬೇಕು. ಕಮ್ಮಿ ಗಾಳಿಯಲ್ಲಿ ಓಡಿಸಿದರೆ ಮೈಲೇಜೂ ಹೋಯಿತು, ಟೈರ್ ಅಂಚೂ ಸವೆಯಿತು. ಹೈವೇನಲ್ಲಿ ಸ್ಪೀಡ್ ಏರಿದಂತೆ ಗಾಳಿಯ ಎಳೆತ ಸ್ಪೀಡಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ, 80ರಿಂದ 100ಕ್ಕೆ ಹೋದರೇ ಒಂದೂವರೆ ಪಟ್ಟು. ಮಾಮೂಲಿ ಪೆಟ್ರೋಲ್ ಸಾಕು ಅಂತ ಕಂಪನಿಯೇ ಹೇಳಿರುವ ಕಾರಿಗೆ ಪ್ರೀಮಿಯಂ ಪೆಟ್ರೋಲ್ ಹಾಕಿಸಬೇಡಿ, ಸುಮ್ನೆ ದುಡ್ಡು ದಂಡ.

ಬೆಂಗಳೂರು–ಮೈಸೂರು ಪದೇ ಪದೇ ಓಡಾಡುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದೀರಾ? 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾಯಿತು, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ನ್ಯಾಷನಲ್ ಹೈವೇಗಳಲ್ಲಿ ಖಾಸಗಿ ಕಾರಿಗೆ ಮಾತ್ರ. ನೈಸ್ ರೋಡಿನಲ್ಲಿ ನಡೆಯುವುದಿಲ್ಲ, ಅಲ್ಲಿಗೆ ಫಾಸ್ಟ್ಯಾಗ್‌ನಲ್ಲಿ ಬೇರೆ ಬ್ಯಾಲೆನ್ಸ್ ಇಟ್ಟಿರಿ.