ಅವ್ವನ ಹತ್ತಿ ಹೊಲ, ಬಿ.ಬಿ. ಕಿಂಗ್ ಗಿಟಾರು

"ನಂಗೆ ಹಿಂದೂಸ್ತಾನಿ ಅರ್ಥ ಆಗಲ್ಲ." "ಇಂಗ್ಲಿಷ್ ಹಾಡೆಲ್ಲ ನಮ್ಮಂಥವರಿಗಲ್ಲ." "ಈ ರ‍್ಯಾಪ್ ಅಂದ್ರೆ ಬರೀ ಗಲಾಟೆ."

ಇಂಥ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬಿದ್ದಾಗೆಲ್ಲ ಬೇಜಾರಾಗುತ್ತದೆ. ಯಾಕಂದ್ರೆ ನಾನೂ ಯಾವ ಸಂಗೀತವನ್ನೂ ಅರ್ಥ ಮಾಡಿಕೊಂಡು ಅದರ ಒಳಗೆ ಹೋದವನಲ್ಲ. ಮೊದಲೇ ಕಿವಿಯಲ್ಲಿದ್ದ ಯಾವುದೋ ಹಳೆಯ ದನಿ ಪ್ರತಿ ಸಲವೂ ನನ್ನನ್ನು ಕರೆದುಕೊಂಡು ಹೋಗಿದೆ.

ನಮ್ಮದು ನವಲಗುಂದದ ಕಡೆ ಎರೆ ಹೊಲದ ಊರು. ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಡುತ್ತಿದ್ದಳು. ಶಾಲೆ ಇಲ್ಲದ ದಿನ ನಾನೂ ಬೆನ್ನು ಹತ್ತುತ್ತಿದ್ದೆ. ಹೆಂಗಸರು ಉಡಿ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯೋರು. ಒಡೆದ ಕಾಯಿಯ ಒಣಗಿದ ತುದಿ ಸೂಜಿ ಇದ್ದಂಗೆ. ಅರಳೆ ಕೀಳುವಾಗ ಉಗುರಿನ ಬುಡಕ್ಕೇ ಚುಚ್ಚುತ್ತದೆ. ಬಿಸಿಲು ಏರುತ್ತಿದ್ದಂತೆ ಒಬ್ಬಳು ಪದ ಎತ್ತೋಳು, ಉಳಿದವರು ಹಿಂದಿನಿಂದ ಹೇಳೋರು. ಪ್ರತಿ ನುಡಿಯ ಕೊನೆಗೆ ಅವ್ವ ದನಿಯನ್ನು ಸ್ವಲ್ಪ ಕೆಳಗಿಳಿಸಿ ಎಳೆಯುತ್ತಿದ್ದಳು. ಅದು ಹಾಡೋ, ನಿಟ್ಟುಸಿರೋ, ನನಗೆ ಗೊತ್ತಾಗುತ್ತಿರಲಿಲ್ಲ.

ಮುಂದೆ ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಬಿ.ಬಿ. ಕಿಂಗ್ ಕ್ಯಾಸೆಟ್ ಹಾಕಿದ. ಒಂದು ಶಬ್ದವೂ ತಿಳಿಯಲಿಲ್ಲ. ಎದ್ದು ಹೋಗಬೇಕು ಅಂದುಕೊಳ್ಳುವಷ್ಟರಲ್ಲಿ ಅವರ ಗಿಟಾರು ಒಂದು ಸ್ವರವನ್ನು ಬಗ್ಗಿಸಿ ಎಳೆಯಿತು. ಮೈ ಝುಮ್ಮೆಂದಿತು. ಇದು ಅವ್ವನ ಎಳೆತ ಅಲ್ವಾ?

ಬಿ.ಬಿ. ಕಿಂಗ್ 1925ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗ ಹತ್ತಿ ಬಿಡಿಸುತ್ತಿದ್ದವರು ಅಂತ ಆಮೇಲೆ ಎಲ್ಲೋ ಓದಿದೆ. ಅವರು ನುಡಿಸಿದ್ದಕ್ಕೆ ಬ್ಲೂಸ್ ಅನ್ನುತ್ತಾರೆ. ಆಫ್ರಿಕಾದಿಂದ ಹಿಡಿದು ತಂದು ಗುಲಾಮರಾಗಿ ದುಡಿಸಿದ ಜನರ, ಅವರ ಮಕ್ಕಳು ಮೊಮ್ಮಕ್ಕಳ ಕೆಲಸದ ಹಾಡುಗಳಲ್ಲಿ ಅದರ ಬೇರು ಇದೆ. ಅಲ್ಲೂ ಒಬ್ಬರು ಎತ್ತೋದು, ಉಳಿದವರು ತಿರುಗಿ ಹೇಳೋದು. ನಮ್ಮ ಊರಿನ ಹೆಂಗಸರ ಕಷ್ಟವನ್ನು ಆ ಗುಲಾಮಗಿರಿಯ ಜೊತೆ ತೂಗುವುದು ತಪ್ಪು. ಅದು ಬೇರೆಯೇ ನರಕ. ಆದರೆ ದಿನವಿಡೀ ಹತ್ತಿ ಗಿಡಕ್ಕೆ ಬಾಗಿದ ಬೆನ್ನು ಉಸಿರು ಬಿಡುವ ರೀತಿ ಎರಡೂ ಕಡೆ ಒಂದೇ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲೂ ಹಿಂಗೇ ಆಯ್ತು. ಅಪ್ಪ ಧಾರವಾಡ ಆಕಾಶವಾಣಿ ಹಚ್ಚಿ ಅವರ ಗಾಯನ ಕೇಳುತ್ತಾ ಕೂತರೆ ನಾನು ಆಟಕ್ಕೆ ಓಡುತ್ತಿದ್ದೆ. "ತಿಳೀಬೇಕಂತ ಕೇಳಬ್ಯಾಡೋ, ಸುಮ್ನ ಕೇಳು" ಅನ್ನುತ್ತಿದ್ದ ಅಪ್ಪ. ಒಂದು ದಿನ ಅವರು ಅಕ್ಕಮಹಾದೇವಿಯ ವಚನ ಹಾಡಿದರು. ಅಜ್ಜಿ ದಿನಾ ಪೂಜೆ ಹೊತ್ತಿಗೆ ಗುನುಗುತ್ತಿದ್ದ ವಚನ. ಕಾಲು ಹೊಸ್ತಿಲಲ್ಲೇ ನಿಂತಿತು. ಆ ವಚನದಿಂದಾಗಿ ಮನ್ಸೂರರ ದನಿ ನನ್ನದಾಯಿತು. ಆಮೇಲೆ ಬರೀ ಆಲಾಪ ಇದ್ದರೂ ಕೂತು ಕೇಳಿದೆ. ಅವರೂ ಹಾಗೆಯೇ ದಾಟುತ್ತಾ ಬಂದವರು ನೋಡಿ. ಧಾರವಾಡದ ಹತ್ತಿರದ ಮನ್ಸೂರು ಎಂಬ ಹಳ್ಳಿಯ ಹುಡುಗ, ನಾಟಕ ಕಂಪನಿಯಲ್ಲಿ ಹಾಡಿ, ಮುಂದೆ ಮಂಜಿಖಾನ್, ಬುರ್ಜಿಖಾನ್ ಹತ್ತಿರ ಕಲಿತು ಜೈಪುರ-ಅತ್ರೌಲಿ ಘರಾನೆಯ, ಅಂದ್ರೆ ಆ ಗಾಯನ ಪರಂಪರೆಯ, ಅಪರೂಪದ ರಾಗಗಳನ್ನು ನಮ್ಮ ಕಿವಿಗೆ ತಂದು ಹಾಕಿದರು.

ಭಾವಗೀತೆ ಮನೆಗೆ ಬಂದದ್ದು ಕಾಕಾನ ಟೇಪ್ ರೆಕಾರ್ಡರಿನಿಂದ. ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರದು. ನಮ್ಮಲ್ಲಿದ್ದ ಕ್ಯಾಸೆಟ್ಟಿನ ರೀಲು ಒಂದು ಕಡೆ ಸುಕ್ಕಾಗಿತ್ತು. ಅಲ್ಲಿಗೆ ಬಂದಾಗ ದನಿ ಮುಳುಗಿ ಮತ್ತೆ ಏಳುತ್ತಿತ್ತು. ಈಗ ಫೋನಿನಲ್ಲಿ ಅದೇ ಹಾಡು ಸ್ವಚ್ಛವಾಗಿ ಬರುತ್ತದೆ. ಆದರೂ ಆ ಜಾಗ ಬಂದರೆ ನನ್ನ ಕಿವಿ ಒಂದು ಕ್ಷಣ ಕಾಯುತ್ತದೆ. ಪೆನ್ಸಿಲ್ ತೂರಿಸಿ ರೀಲು ಸುತ್ತುವ ಕಾಕಾ ಕಣ್ಣ ಮುಂದೆ ಬರುತ್ತಾನೆ. ಅವನು ಹೋಗಿ ಬಹಳ ವರ್ಷವಾಯ್ತು.

ಮಗಳು ಕನ್ನಡ ರ‍್ಯಾಪ್ ಹಾಕಿದಾಗ ಮೊದಮೊದಲು ನನಗೂ ಕಷ್ಟವಾಯಿತು. ಆಮೇಲೆ ಜಾತ್ರೆಯಲ್ಲಿ ರಾತ್ರಿಯಿಡೀ ಕೇಳಿದ ಗೀಗೀ ಪದ ನೆನಪಾಯಿತು. ಅದರಲ್ಲಿ ಹರದೇಶಿ, ನಾಗೇಶಿ ಅಂತ ಎದುರುಬದುರು ಎರಡು ಮೇಳ. ಹರದೇಶಿಯವರು ಒಂದು ಸವಾಲು ಎಸೆದರೆ ನಾಗೇಶಿಯವರು ಪ್ರಾಸಕ್ಕೆ ಪ್ರಾಸ ಕಟ್ಟಿ ಜವಾಬು ಕೊಡೋರು. ಈಗ ಇಬ್ಬರೂ ಕೂತು ಕೇಳುತ್ತೇವೆ.

ಅದಕ್ಕೇ ಹೇಳೋದು, ಹೊಸದನ್ನು ಕೇಳೋಕೆ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ನಿನ್ನೆ ಕೇಳಿದ್ದರ ತಮ್ಮನನ್ನೇ ಅದು ಇವತ್ತು ತಂದು ಕೊಡುತ್ತದೆ. ಅಪ್ಪನ ರೇಡಿಯೊ, ಕಾಕಾನ ಟೇಪು, ಗೆಳೆಯನ ಕ್ಯಾಸೆಟ್ಟು, ಮಗಳ ಫೋನು, ನನಗೆ ದಾರಿ ತೋರಿಸಿದವು ಇವೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಪದ ರೆಕಾರ್ಡ್ ಮಾಡಿಕೊಳ್ಳೋಣ ಅಂತ ಫೋನ್ ಮುಂದಿಟ್ಟೆ. ಅವಳು ಒಂದು ಸಾಲು ಹೇಳಿ ನಿಲ್ಲಿಸಿಬಿಟ್ಟಳು. "ಮುಂದ ಬರವಲ್ದು. ಕೈ ಖಾಲಿ ಇದ್ರ ಪದ ಹೆಂಗ ಬರ್ತಾವೋ ತಮ್ಮಾ?" ಅಂದಳು. ನಾನು ಫೋನ್ ತೆಗೆದಿಟ್ಟೆ.

ಸಂಜೆ ದೀಪಕ್ಕೆ ಬತ್ತಿ ಬೇಕಿತ್ತು. ಅವ್ವ ಹತ್ತಿ ತಗೊಂಡು ಕಟ್ಟೆ ಮೇಲೆ ಕೂತಳು. ಬೀಜ ಬಿಡಿಸಿ, ಎಳೆ ಎಳೆದು, ಅಂಗೈಗೆ ಒಂಚೂರು ಬೂದಿ ಹಚ್ಚಿಕೊಂಡು ಹೊಸೆಯತೊಡಗಿದಳು. ನಾಲ್ಕನೇ ಬತ್ತಿಗೋ ಐದನೆಯದಕ್ಕೋ ತಾನಾಗಿಯೇ ಪದ ಶುರುವಾಯಿತು. ಕೊನೆಗೆ ಅದೇ ಎಳೆತ. ನಾನು ಕದಲದೆ ಕೂತೆ. ಮೂರು ನುಡಿ ಸಿಕ್ಕವು. ಅಷ್ಟರಲ್ಲಿ ಹತ್ತಿ ಮುಗಿಯಿತು.