ಜೋಡು ಹಳದಿ ತತ್ತಿಗೆ ಕಾವು ಕೊಡೋ ಮೊದಲ

ಎರಡು ಹಳದಿ ಇರೋ ತತ್ತಿ ಸಿಕ್ಕರ ಅವಳಿ ಮರಿ ತಗೀತೀವಿ ಅಂತ ಕಾವು ಕೊಡೋ ಮಷಿನ್‌ಗೆ ಇಡೋರಿಗೆ ಈ ಮಾತು. ಅಂಗಡಿಯ ಫಾರಂ ತತ್ತಿ ಇಡಬ್ಯಾಡ್ರಿ. ಹುಂಜನ ಮಾರಿನ ನೋಡದ ಕೋಳಿದು ಅದು. ಹುಂಜದ ಜೋಡಿ ಬೆಳೆದ ಹ್ಯಾಟಿ ಹೊಸದಾಗಿ ತತ್ತಿ ಇಡಾಕ ಹತ್ತಿದಾಗ, ಎರಡು ಹಳದಿ ಬೆನ್ನಬೆನ್ನಿಗೆ ಇಳಿದು ಒಂದ ಚಿಪ್ಪಿನ್ಯಾಗ ಸೇರತಾವು. ಅಂಥಾದು ಬೇಕು.

ಅವಳಿ ಯಾಕ ಉಳಿಯೂದಿಲ್ಲ? ಕಾವು ಸರಿ ಇದ್ದರೂ ಜಾಗ ಸಾಲೂದಿಲ್ಲ. ದಪ್ಪ ತುದಿಯೊಳಗ ಗಾಳಿ ಇರೋ ಜಾಗ ಒಂದ. 19-20ನೇ ದಿನ ಮರಿ ಅಲ್ಲಿ ಕೊಕ್ಕು ತೂರಿಸಿ ಮೊದಲ ಉಸಿರು ಎಳೀಬೇಕು, ಆಮ್ಯಾಲ ತಿರುಗಿಕೋತ ಚಿಪ್ಪು ಸುತ್ತ ಒಡೀಬೇಕು. ಎರಡಿದ್ದರ ಒಂದಕ್ಕ ಗಾಳಿ ಇಲ್ಲ, ಎರಡಕ್ಕೂ ತಿರುಗಾಕ ಬರೂದಿಲ್ಲ. ಬಹಳ ತತ್ತಿ ಅಲ್ಲೀತನಕ ಮುಟ್ಟೂದೂ ಇಲ್ಲ. ಅದಕ್ಕ ಒಂದೆರಡು ಇಟ್ಟು ನೋಡ್ರಿ, ಉಳಿದದ್ದು ಆಮ್ಲೆಟ್‌ಗೆ.

ಫ್ಯಾನ್ ಇರೋ ಮಷಿನ್‌ಗೆ 37.5 ಡಿಗ್ರಿ. ಈ ತತ್ತಿ ಟ್ರೇದಾಗ ಕೂಡೂದಿಲ್ಲ; ಅಡ್ಡ ಮಲಗಿಸಿ, ಪೆನ್ಸಿಲ್ ಗುರುತು ಹಾಕಿ, ದಿನಕ್ಕ 3 ಇಲ್ಲಾ 5 ಸಲ ಕೈಲೆ ಹೊರಳಸ್ರಿ. 18ನೇ ದಿನ ನಿಲ್ಲಸ್ರಿ. 7ನೇ ದಿನ ಬ್ಯಾಟರಿ ಬೆಳಕಿಗೆ ಹಿಡಿದರ ರಕ್ತದ ಜಾಲ ಎರಡು ಕಾಣಬೇಕು. ಒಂದ ಕಂಡರ ಅವಳಿ ಆಸೆ ಬಿಡ್ರಿ. ವಾಸನಿ ಬಂದ ತತ್ತಿ ಆಗಿಂದಾಗ ಹೊರಗ ತಗೀರಿ, ಒಡದ್ರ ಉಳಿದ ತತ್ತಿನೂ ಕೆಡತಾವು.

ತೇವಕ್ಕ ಅಂತ ಮಷಿನ್ ಒಳಗ ತಟ್ಟಿಯೊಳಗ ಇಡೋ ನೀರಿನ ಲೆಕ್ಕದಾಗ ಬಹಳ ಮಂದಿ ತಪ್ಪತಾರ. 18 ದಿನದಾಗ ತತ್ತಿ ತನ್ನ ತೂಕದ ನೂರಕ್ಕ 12-13ರಷ್ಟು ಇಳೀಬೇಕು. 75 ಗ್ರಾಂ ಇದ್ದದ್ದು ಸುಮಾರು 66ಕ್ಕ ಬರಬೇಕು. ವಿಜಯಪುರದ ಏಪ್ರಿಲ್ ಗಾಳಿಗೆ ನೀರಿನ ತಟ್ಟಿ ಒಣಗಿ ಹೋಗತೈತಿ, ತೂಕ ಜಾಸ್ತಿ ಇಳೀತೈತಿ. ಖಾನಾಪುರದ ಮಳೆಗಾಲದಾಗ ಅದ ತಟ್ಟಿ ಇಟ್ಟರ ತೂಕ ಇಳಿಯೂದ ಇಲ್ಲ, ಗಾಳಿ ಜಾಗ ಸಣ್ಣದ ಉಳಿದು ಮರಿ ಉಸಿರು ಕಟ್ಟತೈತಿ. ತಕ್ಕಡಿ ನೋಡಿ ನೀರು ಹಾಕ್ರಿ. ಬ್ಯಾಸಿಗಿಗೆ ಮಷಿನ್ ಪತ್ರಾಸಿನ ಶೆಡ್‌ನ್ಯಾಗ ಬ್ಯಾಡ. ಹೊರಗ 40 ದಾಟಿದರ ಅದಕ್ಕ ತಂಪು ಮಾಡಾಕ ಬರೂದಿಲ್ಲ. ಮಣ್ಣಿನ ಮಾಳಿಗಿ ಮನಿ ಚಲೋ. ಕಡೀ ಮೂರು ದಿನ ಮಾತ್ರ ಎಲ್ಲಾ ಕಡೆ ತೇವಾಂಶ ನೂರಕ್ಕ 65-70 ಇರಲಿ.

ಕೊಕ್ಕಿನ ನೆರಳು ಗಾಳಿ ಜಾಗದಾಗ ಕಂಡು, ಚಿಂವ್ ಚಿಂವ್ ಕೇಳಿದ ಮ್ಯಾಲ, ದಪ್ಪ ತುದಿಗೆ ಸೂಜಿಯಷ್ಟ ತೂತು ಮಾಡ್ರಿ. ಒಂದು ದಿನ ಕಾದು ಗಾಳಿ ಜಾಗದ ಮ್ಯಾಲಿನ ಚಿಪ್ಪಷ್ಟ ಬಿಡಸ್ರಿ. ಪೊರಿಗೆ ಉಗುರುಬೆಚ್ಚನ್ನ ನೀರು ಹಚ್ಚಿ ನೋಡ್ರಿ. ಕೆಂಪು ನರ ಕಂಡರ ಕೈ ತಗೀರಿ, ರಕ್ತ, ಹಳದಿ ಇನ್ನೂ ಹೊಟ್ಟಿಗೆ ಹೋಗಿಲ್ಲ. ಎಳೀಬ್ಯಾಡ್ರಿ. ಎರಡನೇದರ ತಲಿ ಚೂಪು ತುದಿ ಕಡೆ ಇರಬಹುದು, ಅಲ್ಲಿ ಗಾಳಿ ಇರೂದಿಲ್ಲ. ಕೊಕ್ಕು ಯಾವ ಕಡೆ ಐತಿ ನೋಡಿಕೊಂಡು ಅಲ್ಲೂ ಒಂದು ತೂತು ಬೇಕು. ಕೆಳಗಿನ ಅರ್ಧ ಚಿಪ್ಪು ಹಂಗ ಬಿಡ್ರಿ, ಕಾಲು ಒದ್ದು ತಾವ ಹೊರಗ ಬರತಾವು.