ಬ್ರದರ್, ಆ ಪುಸ್ತಕ ಒಳಗಿಡಿ

ಐಸಿಯುನಲ್ಲಿ ಕೆಲವು ಮಾತು ಆಡಬಾರದು. 'ಇವತ್ತು ಡ್ಯೂಟಿ ಆರಾಮಾಗಿದೆ' ಅನ್ನುವುದು ಅದರಲ್ಲಿ ಮೊದಲನೆಯದು. ಅಂದವನು ಬಾಯಿ ಮುಚ್ಚುವಷ್ಟರಲ್ಲಿ ಎಮರ್ಜೆನ್ಸಿಯಿಂದ ಫೋನ್ ಬರುತ್ತದೆ. ಬೆಡ್ ರೆಡಿ ಮಾಡಿ, ಟ್ಯೂಬ್ ಹಾಕಿ ಆಗಿದೆ, ಐದು ನಿಮಿಷಕ್ಕೆ ಶಿಫ್ಟ್ ಮಾಡ್ತೀವಿ ಅಂತ. ಈ ವಿಷಯದಲ್ಲಿ ವಿಜ್ಞಾನ ಯಾರ ಕೈಯನ್ನೂ ಹಿಡಿದಿಲ್ಲ. ದೊಡ್ಡ ದೊಡ್ಡ ಡಿಗ್ರಿ ಇರುವ ಡಾಕ್ಟರೂ ಆ ಮಾತು ಆಡುವುದಿಲ್ಲ. ನಮ್ಮ ವಾರ್ಡಿನ ಅಪಶಕುನಗಳ ಪಟ್ಟಿಗೆ ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ನನ್ನ ಪಠ್ಯಪುಸ್ತಕ.

ನಾನು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆ ಸೇರಿದವನು. ಗಂಡು ನರ್ಸ್ ಆದ್ದರಿಂದ ಎಲ್ಲರಿಗೂ 'ಬ್ರದರ್'. ಕೆಲಸ ಚೆನ್ನಾಗಿ ಬರುತ್ತದೆ ಅಂತ ಹೊಸಬರಿಗೆಲ್ಲ ನನ್ನ ಹತ್ತಿರವೇ ಕಲಿಯಲು ಹಾಕುತ್ತಿದ್ದರು. ಉಸಿರಿನ ಟ್ಯೂಬಿನಿಂದ ಕಫ ಎಳೆಯುವ ಸಕ್ಷನ್ ಹೇಗೆ ಮಾಡಬೇಕು, ಅಪಧಮನಿಗೆ ಹಾಕಿದ ಆರ್ಟೀರಿಯಲ್ ಲೈನಿನಿಂದ ರಕ್ತ ಹೇಗೆ ತೆಗೆಯಬೇಕು ಅಂತ ನಾನು ತೋರಿಸಿಕೊಡುತ್ತಿದ್ದೆ. ಅವರು ಕಲಿತು, ಥ್ಯಾಂಕ್ಯೂ ಬ್ರದರ್ ಅಂದು, ನನಗಿಂತ ಜಾಸ್ತಿ ಸಂಬಳ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಅವರದು ಬಿಎಸ್ಸಿ ನರ್ಸಿಂಗ್. ಹಾಗಾಗಿ ನಾನೂ ಡಿಪ್ಲೊಮಾ ಆದವರು ಡಿಗ್ರಿ ಮಾಡಿಕೊಳ್ಳುವ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಸೇರಿದೆ. ಕೆಲಸದಲ್ಲಿ ಇರುವವರಿಗೆ ಅನುಕೂಲ ಆಗಲಿ ಅಂತಲೇ ಮಾಡಿರುವ ಮೂರು ವರ್ಷದ ದೂರಶಿಕ್ಷಣ ಅದು. ಅನುಕೂಲ ಯಾರಿಗೆ ಅನ್ನುವುದು ಬೇರೆ ಪ್ರಶ್ನೆ.

ಹೊಸದುರ್ಗದ ಕಡೆ ಇರುವ ನಮ್ಮಪ್ಪನಿಗೆ ಫೋನಿನಲ್ಲಿ ಸಂತೋಷದಿಂದ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನೀನು ಈಗ ಓದೋಕೆ ಸೇರಿದ್ರೆ, ಇಷ್ಟು ದಿನ ಪೇಶಂಟ್‌ಗಳನ್ನ ನೋಡ್ತಾ ಇದ್ದೋರು ಯಾರು?"

ಪುಸ್ತಕದ ವಿಷಯಕ್ಕೆ ಬರುತ್ತೇನೆ. ರಾತ್ರಿ ಎಂಟಕ್ಕೆ ಡ್ಯೂಟಿ ಶುರು, ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕು. ನಡುರಾತ್ರಿ ಮೂರರ ಸುಮಾರಿಗೆ ಎಲ್ಲ ಸ್ವಲ್ಪ ತಣ್ಣಗಾದಾಗ ಓದಿಕೊಳ್ಳಬಹುದು ಅಂತ ದಿನಾ ಬ್ಯಾಗಿನಲ್ಲಿ ಒಂದು ಪುಸ್ತಕ ಒಯ್ಯುತ್ತೇನೆ. ಪುಸ್ತಕ ತಪ್ಪದೆ ನೈಟ್ ಡ್ಯೂಟಿ ಮಾಡಿ ಮನೆಗೆ ಬರುತ್ತದೆ. ಅದನ್ನು ತೆರೆದ ದಿನ ಮಾತ್ರ ಏನಾದರೊಂದು ಆಗುತ್ತದೆ. ಮೈಕ್ರೋಬಯಾಲಜಿ ತೆರೆದೆ, ಹಾವು ಕಡಿದವರು ಬಂದರು. ಸೈಕಾಲಜಿ ತೆರೆದೆ, ನಾಲ್ಕನೇ ಬೆಡ್ಡಿನ ತಾತ ಮೂಗಿನ ಟ್ಯೂಬ್ ಕಿತ್ತು ನನ್ನ ಕೈಗೇ ಕೊಟ್ಟರು. ನ್ಯೂಟ್ರಿಷನ್ ಪುಸ್ತಕವನ್ನು ಬರೀ ಟೇಬಲ್ ಮೇಲೆ ಇಟ್ಟಿದ್ದೆ ಅಷ್ಟೇ, ಆಕ್ಸಿಜನ್ ಲೈನಿನ ಪ್ರೆಶರ್ ಅಲಾರಂ ಹೊಡೆಯಿತು. ಸೋಷಿಯಾಲಜಿ ಒಂದೇ ಸ್ವಲ್ಪ ಸಾಧು ಪುಸ್ತಕ. ಎರಡು ಪುಟ ಓದಲು ಬಿಟ್ಟಿತು.

ನಮ್ಮ ನೈಟ್ ಇನ್‌ಚಾರ್ಜ್ ಸಿಸ್ಟರ್ ಮಂಗಳೂರಿನ ಕಡೆಯವರು. ಇವೆಲ್ಲವನ್ನೂ ಲೆಕ್ಕ ಇಟ್ಟಿದ್ದರು. ಈಗ ನಾನು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದರೆ ಸಾಕು, ವಾರ್ಡಿನ ಆ ತುದಿಯಿಂದಲೇ ಕೂಗುತ್ತಾರೆ: "ಆ ಬುಕ್ಕು ಒಳಗೆ ಇಡು ಮಾರಾಯಾ! ನನಗೆ ಇನ್ನೊಂದು ಅಡ್ಮಿಷನ್ ಬೇಡ." ಹೋದ ವಾರ ನಾನು ತೆಗೆಯಲು ಹೋಗಿದ್ದು ಟಿಫಿನ್ ಡಬ್ಬಿ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಪೂರ್ತಿ ಬೇಕು ಅಂತ ನಿಯಮ. ಗಂಟೆ ಗಂಟೆಗೂ ಬಿಪಿ, ನಾಡಿ, ಒಳಗೆ ಹೋದ ನೀರು, ಹೊರಗೆ ಬಂದ ಮೂತ್ರ ಎಲ್ಲ ಬರೆಯಬೇಕು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಸಿರಿಂಜ್ ಪಂಪಿನಲ್ಲಿ ಹನಿ ಹನಿಯಾಗಿ ಹೋಗುತ್ತಿರುತ್ತದೆ. 50 ಎಂಎಲ್ ಸಿರಿಂಜ್ ಮುಗಿಯುವ ಮೊದಲೇ ಇನ್ನೊಂದು ರೆಡಿ ಇರಬೇಕು. ತಡವಾದರೆ ಬಿಪಿ ಅಲ್ಲೇ ಇಳಿಯುತ್ತದೆ. ಹೀಗಾಗಿ ಮುಗಿಯುವ ಮುಂಚೆ ಪಂಪು ಕುಯ್ಯೋ ಅನ್ನುವ ಸದ್ದು ನಮ್ಮ ರಕ್ತದಲ್ಲಿ ಸೇರಿಹೋಗಿದೆ.

ಆ ಸದ್ದೇ ಮನೆಗೂ ಬರುತ್ತದೆ. ನಮ್ಮ ರೂಮಿನ ಕೆಳಗೆ ಓನರ್ ಮನೆಯ ಯುಪಿಎಸ್ ಇದೆ. ಕರೆಂಟ್ ಹೋದಾಗ ಅದು ಬಡಿದುಕೊಳ್ಳುವುದು ಥೇಟ್ ಸಿರಿಂಜ್ ಪಂಪಿನ ಅಲಾರಮ್ಮೇ. ಒಂದು ದಿನ ಹಗಲು ನಿದ್ದೆಯಲ್ಲಿದ್ದೆ. ಎದ್ದು ಕೂತು, "ಯಾರ ನಾರ್‌ಅಡ್ ಮುಗೀತು? ನೋಡ್ರೀ!" ಅಂತ ಕೂಗಿದೆನಂತೆ. ರೂಮ್‌ಮೇಟ್ ಬ್ಯಾಂಕಿನವನು. ಅವನು ಗಾಬರಿಯಾಗಿ ಕೂಗಿದ: "ನಂದಲ್ಲ!"

ಹಗಲು ನಿದ್ದೆಯ ಬಗ್ಗೆ ಹೇಳಹೋದರೆ ಅದೇ ಒಂದು ಪುರಾಣ. ಎಂಟೂವರೆಗೆ ಕಸದ ಗಾಡಿಯ ಹಾಡು. ಒಂಬತ್ತೂವರೆಗೆ ಈರುಳ್ಳಿ ಗಾಡಿ, ಅದೂ ಮೈಕಿನಲ್ಲಿ. ಹನ್ನೊಂದಕ್ಕೆ ಓನರ್ ಆಂಟಿ. ಮೊದಮೊದಲು ಆಂಟಿಗೆ ನನ್ನ ಮೇಲೆ ಅನುಮಾನ ಇತ್ತು. ಹಗಲೆಲ್ಲ ಮಲಗುವ ಹುಡುಗ, ರಾತ್ರಿ ಬ್ಯಾಗ್ ಹಾಕಿಕೊಂಡು ಹೋಗುತ್ತಾನೆ. "ನೈಟ್ ಡ್ಯೂಟಿ ಅಂದ್ರೆ ಎಟಿಎಂನಲ್ಲಾ?" ಅಂತ ಕೇಳಿದ್ದರು. ಐಸಿಯು ಅಂತ ಗೊತ್ತಾದ ಮೇಲೆ ಅನುಮಾನ ಹೋಗಿ ಪ್ರೀತಿ ಬಂತು. ಅನುಮಾನವೇ ಚೆನ್ನಾಗಿತ್ತು. ಈಗ ಆಂಟಿಯ ಶುಗರ್, ಅಂಕಲ್‌ನ ಕೊಲೆಸ್ಟ್ರಾಲ್, ಆಂಟಿಯ ತಂಗಿಯ ಥೈರಾಯ್ಡ್, ಎಲ್ಲ ರಿಪೋರ್ಟೂ ನಾನು ಮಲಗಿದ ಮೇಲೆ ವಾಟ್ಸಾಪಿಗೆ ಬಂದು ಬೀಳುತ್ತವೆ. ಐದು ನಿಮಿಷಕ್ಕೆ ಉತ್ತರ ಕೊಡದಿದ್ದರೆ ಬಾಗಿಲು ತಟ್ಟುತ್ತಾರೆ: "ಸೀರಿಯಸ್ ಏನಾದ್ರೂ ಇದ್ರೆ ಹೇಳಿಬಿಡಪ್ಪ, ಮುಚ್ಚಿಡಬೇಡ."

ಉಳಿದ ಹೊತ್ತಿನಲ್ಲಿ ಅಸೈನ್‌ಮೆಂಟ್. ಅದನ್ನು ಕೈಯಲ್ಲೇ ಬರೆಯಬೇಕು, ಟೈಪ್ ಮಾಡುವಂತಿಲ್ಲ. ವರ್ಜೀನಿಯಾ ಹೆಂಡರ್ಸನ್ ಅನ್ನುವ ನರ್ಸಿಂಗ್ ತಜ್ಞೆ ಮನುಷ್ಯನಿಗೆ 14 ಮೂಲಭೂತ ಅಗತ್ಯಗಳಿವೆ ಅಂತ ಹೇಳಿದ್ದಾರೆ. ನರ್ಸಿಂಗ್ ಓದಿದವರೆಲ್ಲ ಬಾಯಿಪಾಠ ಮಾಡಿದ್ದೇ. ಮೊದಲನೆಯದು ಸರಿಯಾಗಿ ಉಸಿರಾಡುವುದು. ಎರಡನೆಯದು ಸಾಕಷ್ಟು ತಿನ್ನುವುದು, ಕುಡಿಯುವುದು. ಮೂರನೆಯದು ವಿಸರ್ಜನೆ. ಐದನೆಯದು ನಿದ್ದೆ. ಕೊನೆಯ ಹದಿನಾಲ್ಕನೆಯದು, ಹೊಸದನ್ನು ಕಲಿಯುವುದು. ಹನ್ನೆರಡು ಗಂಟೆ ಡ್ಯೂಟಿಯಲ್ಲಿ ನೀರು ಕುಡಿಯದೆ, ಆದ್ದರಿಂದ ಬಾತ್‌ರೂಮಿಗೂ ಹೋಗದೆ, ಬಂದು ನಿದ್ದೆಗೆಟ್ಟು ಕೂತು ನಾನು ಬರೆಯುತ್ತಿದ್ದೆ. ಒಂದರಿಂದ ನೇರ ಹದಿನಾಲ್ಕಕ್ಕೆ ಹಾರಿದ ಮನುಷ್ಯನನ್ನು ಹೆಂಡರ್ಸನ್ ಯಾವ ಪಟ್ಟಿಗೆ ಸೇರಿಸುತ್ತಿದ್ದರೋ.

ಪ್ರಾಕ್ಟಿಕಲ್ ತರಗತಿಗಳಿಗೆ ಮಾತ್ರ ಸ್ಟಡಿ ಸೆಂಟರಿಗೆ ಹೋಗಲೇಬೇಕು. ಅಲ್ಲಿ ನ್ಯೂಟ್ರಿಷನ್ ವಿಷಯಕ್ಕೆ ಅಡುಗೆ ಮಾಡಿಸುತ್ತಾರೆ. ನನಗೆ ಬಂದದ್ದು ಬಿಪಿ ರೋಗಿಯ ಊಟ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಇಡೀ ದಿನಕ್ಕೆ! ನಮ್ಮಮ್ಮ ಅಷ್ಟನ್ನು ಒಂದು ಹಿಡಿ ಹುಣಸೆ ಚಟ್ನಿಗೇ ಹಾಕುತ್ತಾರೆ. ನಾನು ರಾಗಿ ಮುದ್ದೆ, ಸೊಪ್ಪಿನ ಸಾರು ಮಾಡಿದೆ. ಮುದ್ದೆ ಗಂಟಿಲ್ಲದೆ ಬಂದಿತ್ತು. ಸಾರಿಗೆ ಉಪ್ಪಿನ ಬದಲು ನಿಂಬೆಹುಳಿ ಬಿಟ್ಟಿದ್ದೆ. ಒಳ್ಳೆ ಮಾರ್ಕ್ಸ್ ಬರುತ್ತದೆ ಅಂತ ಖುಷಿಯಲ್ಲಿದ್ದೆ. ಮೇಡಂ ನನ್ನ ಪ್ಲಾನಿನ ಹಾಳೆ ತೆಗೆದುಕೊಂಡು ಜೋರಾಗಿ ಓದತೊಡಗಿದರು.

"ಊಟದ ಪ್ರಮಾಣ 200 ಎಂಎಲ್. ಮೂರು ಗಂಟೆಗೊಮ್ಮೆ. ಕೊಡುವ ಮೊದಲು ಟ್ಯೂಬ್ ಹೊಟ್ಟೆಯಲ್ಲೇ ಇದೆಯಾ ನೋಡುವುದು. ಕೊಟ್ಟ ಮೇಲೆ 30 ಎಂಎಲ್ ನೀರಿನಿಂದ ಟ್ಯೂಬ್ ತೊಳೆಯುವುದು."

ನೈಟ್ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಬರೆದ ಹಾಳೆ ಅದು. ನನ್ನ ಕೈಗೆ ಗೊತ್ತಿರುವ ಊಟ ಐಸಿಯುನಲ್ಲಿ ಮೂಗಿನ ಟ್ಯೂಬಿನಿಂದ ಕೊಡುವುದೊಂದೇ. ಮೇಡಂ ಮುದ್ದೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಈ ಮುದ್ದೆ ಯಾವ ನಂಬರ್ ಟ್ಯೂಬಲ್ಲಿ ಹೋಗುತ್ತೆ ಬ್ರದರ್?"

ಅದಕ್ಕಿಂತ ದೊಡ್ಡ ಪ್ರಸಂಗ ನಡೆದದ್ದು ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ. ನೆಲಮಂಗಲದ ಆಚೆಯ ಒಂದು ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಆರೋಗ್ಯ ವಿಚಾರಿಸುವುದು. ಕೈಯಲ್ಲಿ ಕಮ್ಯುನಿಟಿ ಬ್ಯಾಗ್. ಅದನ್ನು ತೆರೆಯುವುದಕ್ಕೆ ಒಂದು ದೊಡ್ಡ ಶಾಸ್ತ್ರವೇ ಇದೆ. ಬ್ಯಾಗನ್ನು ನೆಲಕ್ಕೆ ತಾಗಿಸಬಾರದು. ಮೊದಲು ನ್ಯೂಸ್‌ಪೇಪರ್ ಹಾಸಬೇಕು, ಅದರ ಮೇಲೆ ಬ್ಯಾಗ್ ಇಡಬೇಕು, ಸೋಪು ಟವೆಲ್ ತೆಗೆದು ಕೈ ತೊಳೆದು ಬಂದು, ಆಮೇಲೆ ಬೇಕಾದ ಸಾಮಾನು ಮುಟ್ಟಬೇಕು. ನಾನು ಪೇಪರ್ ಹಾಸಿ ಕೈ ತೊಳೆದು ಬರುವಷ್ಟರಲ್ಲಿ ಆ ಮನೆಯ ಯಜಮಾನರು ಬ್ಯಾಗನ್ನು ಪಕ್ಕಕ್ಕೆ, ಅಂದರೆ ನೆಲಕ್ಕೆ, ಸರಿಸಿ ಪೇಪರ್ ಓದುತ್ತಾ ಕೂತಿದ್ದರು. "ಇದು ಹೋದ ತಿಂಗಳದ್ದಲ್ವಾ?" ಅಂತ ಬೇಜಾರು ಬೇರೆ.

ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ಅವರೆಕಾಯಿ ಕಾಲ. ಮೊರದ ತುಂಬ ಕಾಳು, ಸುತ್ತ ಸಿಪ್ಪೆ. ಬೆರಳು ತಮ್ಮ ಪಾಡಿಗೆ ತಾವು ಸುಲಿಯುತ್ತಿದ್ದವು. ಮೇಡಂ ಹಿಂದೆ ನಿಂತು ಮಾರ್ಕ್ಸ್ ಹಾಕಲು ಪೆನ್ ಹಿಡಿದಿದ್ದರು. ಅಜ್ಜಿಯ ಜೊತೆ ಮಾತು ಶುರುಮಾಡಿ ಅಂದರು.

ಇಲ್ಲಿ ನನ್ನ ಕಷ್ಟ ಅರ್ಥ ಮಾಡಿಕೊಳ್ಳಬೇಕು. ನಮ್ಮ ಐಸಿಯು ರೋಗಿಗಳಲ್ಲಿ ಹೆಚ್ಚಿನವರು ಮಾತಾಡುವುದಿಲ್ಲ. ಬಾಯಲ್ಲಿ ಟ್ಯೂಬ್, ಮೇಲೆ ನಿದ್ದೆಯ ಔಷಧಿ. ಮಾತೆಲ್ಲ ನಮ್ಮದೇ. ಪ್ರಜ್ಞೆ ಎಷ್ಟಿದೆ ಅಂತ ಅಳೆಯುವುದಕ್ಕೆ ಗ್ಲಾಸ್ಗೋ ಸ್ಕೇಲ್ ಇದೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15. ಏನೂ ಇಲ್ಲದಿದ್ದರೂ 3 ಸಿಗುತ್ತದೆ. ನನಗೆ ಎಷ್ಟೋ ಪರೀಕ್ಷೆಯಲ್ಲಿ ಆ ಸೌಲಭ್ಯ ಸಿಕ್ಕಿಲ್ಲ. ರೋಗಿಯ ಕಿವಿಯ ಹತ್ತಿರ ಬಗ್ಗಿ, ಔಷಧಿಯ ಮಂಪರಿನ ಆಚೆಗೂ ಕೇಳುವಂತೆ ಕೂಗುವುದು ನಮ್ಮ ಅಭ್ಯಾಸ. ಜಗಲಿಯ ಹತ್ತಿರ ಹೋಗಿ, ಬಗ್ಗಿ, ಅಜ್ಜಿಯ ಕೈ ಹಿಡಿದದ್ದಷ್ಟೇ ಗೊತ್ತು. ಬಾಯಿ ತಾನಾಗಿ ತೆರೆದುಕೊಂಡಿತು.

"ಅಜ್ಜೀ! ಕಣ್ಣು ಬಿಡಿ! ನನ್ನ ಕೈ ಗಟ್ಟಿಯಾಗಿ ಒತ್ತಿ!"

ಅವರೆಕಾಯಿ ಮೊರ ಮಗುಚಿತು. ಒಳಗಿಂದ ಸೊಸೆ ಸೌಟಿನ ಸಮೇತ ಓಡಿಬಂದರು. ಪೇಪರ್ ಓದುತ್ತಿದ್ದ ಯಜಮಾನರು, "ಅವ್ವಂಗೇನಾಯ್ತು?" ಅಂತ ಎದ್ದುನಿಂತರು. ಅಜ್ಜಿ ಮಾತ್ರ ಕೈ ಬಿಡಿಸಿಕೊಳ್ಳಲಿಲ್ಲ. ಒತ್ತಿದರು. ಮಣ್ಣಲ್ಲಿ ದುಡಿದ ಕೈ, ನನ್ನ ಬೆರಳು ಲಟಕ್ ಅಂದಿತು.

"ಸಾಕಾ? ನಾನಿನ್ನೂ ಸತ್ತಿಲ್ಲ ಕಣಪ್ಪ. ಬಂದಿದ್ದೀಯ, ಕೂತ್ಕೊಂಡು ಆ ಕಾಳು ಆರಿಸು."

15ಕ್ಕೆ 15. ಮೇಡಂ ನನಗೆ ಹಾಕಿದ್ದು ಅಷ್ಟಿಲ್ಲ. ಕಾಳು ಆರಿಸುತ್ತಾ ಕೂತಾಗ ಅಜ್ಜಿ ಮಂಡಿನೋವು, ಸೊಸೆಯ ಎರಡನೇ ಬಾಣಂತನ, ಬೋರ್‌ವೆಲ್ಲಿನ ನೀರು, ಎಲ್ಲ ಹೇಳಿದರು. ನನ್ನ ಫಾರ್ಮಿನ ಎಲ್ಲ ಕಾಲಮ್ಮೂ ಪ್ರಶ್ನೆ ಕೇಳದೆಯೇ ತುಂಬಿತು. ರೋಗಿ ತಾನೇ ಹೇಳುತ್ತಾರೆ, ನಾವು ಕೇಳಿಸಿಕೊಂಡರೆ ಸಾಕು ಅನ್ನುವುದು ನನಗಂತೂ ಹೊಸ ಅನುಭವ. ಹೊರಡುವಾಗ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟರು. ಅದನ್ನು ಕಮ್ಯುನಿಟಿ ಬ್ಯಾಗಿನ ಯಾವ ಖಾನೆಯಲ್ಲಿ ಇಡಬೇಕು ಅಂತ ಪುಸ್ತಕದಲ್ಲಿ ಬರೆದಿಲ್ಲ.

ಇನ್ನು ಥಿಯರಿ ಪರೀಕ್ಷೆ. ಪ್ರಶ್ನೆಪತ್ರಿಕೆ ತೆಗೆದರೆ ಮೊದಲ ದೊಡ್ಡ ಪ್ರಶ್ನೆಯೇ ವೆಂಟಿಲೇಟರ್ ಮೇಲಿರುವ ರೋಗಿಯ ಆರೈಕೆ. ನನ್ನದೇ ಮನೆ, ನನ್ನದೇ ಅಂಗಳ! ಪಕ್ಕದ ಬೆಂಚಿನಲ್ಲಿ ಕಣ್ಣಿನ ಆಸ್ಪತ್ರೆಯ ಸಿಸ್ಟರ್ ಹಣೆ ಒತ್ತಿಕೊಳ್ಳುತ್ತಿದ್ದರು. ನನಗೆ ಅವರನ್ನು ಕಂಡು ಪಾಪ ಅನಿಸಿತು.

ಆದರೆ ಪುಸ್ತಕಕ್ಕೆ ಅದರದೇ ಒಂದು ಮಡಿ ಇದೆ. ಮೊದಲು ಅಸೆಸ್‌ಮೆಂಟ್, ಆಮೇಲೆ ನರ್ಸಿಂಗ್ ಡಯಾಗ್ನೋಸಿಸ್, ಪ್ಲಾನಿಂಗ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್. ರೋಗಿಯ ಟ್ಯೂಬಿನಲ್ಲಿ ಕಫ ಕಟ್ಟಿದರೆ ನಾವು 'ಸಕ್ಷನ್!' ಅನ್ನುತ್ತೇವೆ. ಪುಸ್ತಕದ ಪ್ರಕಾರ ಅದು 'ಇನ್‌ಎಫೆಕ್ಟಿವ್ ಏರ್‌ವೇ ಕ್ಲಿಯರೆನ್ಸ್ ರಿಲೇಟೆಡ್ ಟು ಇನ್‌ಕ್ರೀಸ್ಡ್ ಸೆಕ್ರಿಷನ್ಸ್ ಆ್ಯಸ್ ಎವಿಡೆನ್ಸ್ಡ್ ಬೈ' ಅಂತ ಇನ್ನೂ ಮುಂದಕ್ಕೆ ಹೋಗುತ್ತದೆ. ನಿಜವಾದ ರೋಗಿಯ ಮುಂದೆ ನಿಂತು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆಕ್ಸಿಜನ್ 98ರಿಂದ 80ಕ್ಕೆ ಇಳಿದಿರುತ್ತದೆ. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಹಾಗೇ ಬಂದಿದ್ದ ನನ್ನ ಕೈ ಪುಸ್ತಕದ ಮಾತು ಕೇಳಲಿಲ್ಲ. ಅದು ಎಂದಿನಂತೆ ನರ್ಸಸ್ ನೋಟ್ಸ್ ಬರೆಯಿತು. 'ಹೈ ಪ್ರೆಶರ್ ಅಲಾರಂ. ಸಕ್ಷನ್ ಡನ್. ಥಿಕ್ ಸೆಕ್ರಿಷನ್ಸ್. ಸ್ಯಾಚುರೇಶನ್ ಇಂಪ್ರೂವ್ಡ್. ಡ್ಯೂಟಿ ಡಾಕ್ಟರ್ ಇನ್‌ಫಾರ್ಮ್ಡ್. ಆರ್ಡರ್ಸ್ ಕ್ಯಾರೀಡ್ ಔಟ್.' ಎದುರಿಗೆ ಟೈಮ್, ಕೆಳಗೆ ಸಹಿ. ಉತ್ತರ ಪತ್ರಿಕೆಯಲ್ಲಿ ಸಹಿ ಮಾಡಬಾರದಂತೆ, ಮೇಲ್ವಿಚಾರಕರು ಓಡಿಬಂದು ಹೊಡೆದು ಹಾಕಿಸಿದರು. ನಮ್ಮಲ್ಲಿ ಸಹಿ ಇಲ್ಲದಿದ್ದರೆ ಮೆಮೊ ಕೊಡುತ್ತಾರೆ ಸಾರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸು. ನಾನು ದಿನಾ ಮಾಡುವ ಕೆಲಸದ ಪೇಪರಿನಲ್ಲಿ ಎಲ್ಲಕ್ಕಿಂತ ಕಡಿಮೆ ಬಂದಿದೆ. ಕಣ್ಣಿನ ಆಸ್ಪತ್ರೆಯ ಸಿಸ್ಟರ್‌ಗೆ ಅದರಲ್ಲೇ ನನಗಿಂತ ಜಾಸ್ತಿ. ನನಗೆ ಎಲ್ಲಕ್ಕಿಂತ ಹೆಚ್ಚು ಬಂದದ್ದು ಸೋಷಿಯಾಲಜಿಯಲ್ಲಿ, ಆ ಸಾಧು ಪುಸ್ತಕದಲ್ಲಿ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದರೆ, "ನೀನು ಅದನ್ನೇ ಓದಬೇಕಿತ್ತು ಮಾರಾಯಾ, ನಮಗೂ ನಿದ್ದೆ ಸಿಗ್ತಿತ್ತು" ಅಂದರು.

ಅಪ್ಪನಿಗೆ ಫೋನ್ ಮಾಡಿ ಮಾರ್ಕ್ಸ್ ಓದಿ ಹೇಳಿದೆ. ಸೋಷಿಯಾಲಜಿ ಅಂದರೇನು ಅಂತ ಕೇಳಿದರು. ಸಮಾಜಶಾಸ್ತ್ರ ಅಂದೆ. ಅಪ್ಪ ಮತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅಲ್ಲ ಕಣೋ, ಅದು ಅಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ, ಈ ಆಸ್ಪತ್ರೆ ಕೆಲಸಕ್ಕೆ ಯಾಕೆ ಸೇರ್ಕೊಂಡೆ?"